ನರಗುಂದದ ಬಾಬಾಸಾಹೇಬರು

ಅಸೂಟಿಯ ಸೀಮೆಯಲ್ಲಿ ಬೆಳೆದ ನಮಗೆ ನರಗುಂದದ ಗುಡ್ಡವು ಹೊಸದಲ್ಲ. ಆದರೆ ಅಲ್ಲಿಯ ಅರಸರಾದ ಭಾಸ್ಕರರಾವ್ ಭಾವೆ, ಎಂದರೆ ಬಾಬಾಸಾಹೇಬರು, 1858ರಲ್ಲಿ ಪ್ರಾಣವನ್ನು ಪಣಕ್ಕೊಡ್ಡಿದುದು ಏತಕ್ಕೆಂದು ಕೇಳಿದರೆ ಬಹುಮಂದಿ 'ರಾಜ್ಯಕ್ಕಾಗಿ' ಎನ್ನುವರು. ಅದು ಅರ್ಧ ಮಾತು.

ಅವರಿಗೆ ಗಂಡು ಸಂತಾನವಿರಲಿಲ್ಲ. ಧರ್ಮಶಾಸ್ತ್ರದ ಪ್ರಕಾರ ದತ್ತಕಪುತ್ರನು ಹೊಟ್ಟೆಯ ಮಗನಂತೆಯೇ ಆಸ್ತಿಗೂ ಪಿಂಡಕ್ಕೂ ಅಧಿಕಾರಿಯು. ಕಂಪನಿ ಸರಕಾರವು ದತ್ತಕಕ್ಕೆ ಒಪ್ಪಲಿಲ್ಲ. ಒಪ್ಪದಿದ್ದರೆ ಸಂಸ್ಥಾನವು ಅದರ ವಶವಾಗುವುದು. ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವನ್ನೇ ಕೂಡಿಸಿದ್ದ ಈ ಪುಸ್ತಕಪ್ರಿಯರು ಕಡೆಗೆ ಶಸ್ತ್ರ ಹಿಡಿದರು.

ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಹತನಾದನು. ಆ ಕೊಲೆಯನ್ನು ನಾವು ಮೆಚ್ಚಲಾರೆವು. ಅದರ ಹಿಂದಿನ ಅನ್ಯಾಯವನ್ನು ಮರೆಯಲೂ ಆರೆವು. ಜೂನ್ 1ರಂದು ಅವರ ಜೊತೆಗಾರರಾದ ಮುಂಡರಗಿಯ ಭೀಮರಾಯರು ಕೊಪ್ಪಳದ ಕೋಟೆಯಲ್ಲಿ ಮಡಿದರು. ನರಗುಂದವೂ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು.

ಅವರ ತಾಯಿಯೂ ಪತ್ನಿಯೂ ಮಲಪ್ರಭೆಯ ಮಡುವಿನಲ್ಲಿ ಪ್ರಾಣಬಿಟ್ಟರು. ಅತ್ತೆಸೊಸೆಯರ ಆ ಸಾವಿಗೆ ಚರಿತ್ರೆಯ ಪುಸ್ತಕಗಳು ಒಂದು ಸಾಲನ್ನು ಕೊಟ್ಟರೆ ಹೆಚ್ಚು.

ನಾಲ್ಕೇ ವರ್ಷಗಳ ತರುವಾಯ, 1862ರಲ್ಲಿ, ವೈಸರಾಯ್ ಕ್ಯಾನಿಂಗರು ಹಲವು ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟರು. ಅಷ್ಟರಲ್ಲಿ ನರಗುಂದವು ಖಾಲಸಾ ಆಗಿಹೋಗಿತ್ತು.