ನಿಮಗಿದು ಗೊತ್ತೆ? ಪ್ರಾಸ್ಟೇಟ್ ತೆಗೆಯಲು ದಾರಿ ಒಂದೇ ಅಲ್ಲ

ಭದ್ರಾವತಿಯ ವಿಐಎಸ್‌ಎಲ್, ಎಂಪಿಎಂ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ಹಿರಿಯರೂ, ಮೂತ್ರದ ತೊಂದರೆಯೆಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರುವವರೂ ತಿಳಿದಿರಬೇಕಾದ ಸಂಗತಿಯಿದು. ಕ್ಯಾನ್ಸರ್ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯೊಳಗೇ ಇದ್ದರೆ ಗ್ರಂಥಿಯನ್ನು ಪೂರ್ತಿ ತೆಗೆದುಹಾಕುವುದು ಚಿಕಿತ್ಸೆಗಳಲ್ಲೊಂದು.

1904ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾ. ಹ್ಯೂ ಹ್ಯಾಂಪ್ಟನ್ ಯಂಗ್ ವೃಷಣ ಮತ್ತು ಗುದದ್ವಾರದ ನಡುವೆ ಕೊಯ್ದು ಈ ಗ್ರಂಥಿಯನ್ನು ತೆಗೆದರು. ಕಿಬ್ಬೊಟ್ಟೆ ತೆರೆದು ಮಾಡುವ ವಿಧಾನ 1940ರ ದಶಕದಲ್ಲಿ ಬಂತು. ಆದರೆ ಆಪರೇಷನ್ ಆದ ಬಹುತೇಕರಿಗೆ ಲೈಂಗಿಕ ಶಕ್ತಿ ಹೋಗುತ್ತಿತ್ತು, ಹಲವರಿಗೆ ಮೂತ್ರದ ಹಿಡಿತ ತಪ್ಪುತ್ತಿತ್ತು. ಗ್ರಂಥಿಯ ಎರಡೂ ಪಕ್ಕದಲ್ಲಿ ಸಾಗುವ ಸೂಕ್ಷ್ಮ ನರಗಳನ್ನು ಉಳಿಸಿಕೊಂಡೇ ಆಪರೇಷನ್ ಮಾಡಬಹುದೆಂದು 1982ರಲ್ಲಿ ಡಾ. ಪ್ಯಾಟ್ರಿಕ್ ವಾಲ್ಶ್ ತೋರಿಸಿಕೊಟ್ಟರು. ನಿಜವಾದ ತಿರುವು ಇದೇ.

ಆಮೇಲೆ ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿ ಬಂತು. 2000ದ ಸುಮಾರಿಗೆ ರೋಬೋಟ್. ರೋಬೋಟ್ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ಸರ್ಜನ್ ಪಕ್ಕದ ಯಂತ್ರದ ಮುಂದೆ ಕುಳಿತು, ದೊಡ್ಡದಾಗಿ ಕಾಣುವ ಚಿತ್ರ ನೋಡುತ್ತಾ, ಹೊಟ್ಟೆಯ ಸಣ್ಣ ರಂಧ್ರಗಳೊಳಗೆ ಇಳಿಸಿದ ಉಪಕರಣಗಳನ್ನು ಕೈಯಿಂದ ನಡೆಸುತ್ತಾರೆ.

ಹಾಗಾದರೆ ಯಾವುದು ಮೇಲು? ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ತೆರೆದ ಆಪರೇಷನ್ ಮತ್ತು ರೋಬೋಟ್ ಎರಡನ್ನೂ ವೈದ್ಯರು ಹೋಲಿಸಿದರು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ರೋಬೋಟ್‌ನಲ್ಲಿ ರಕ್ತಸ್ರಾವ ಕಡಿಮೆ, ಮನೆಗೆ ಬೇಗ ಹೋಗಬಹುದು. ಆದರೆ ಹನ್ನೆರಡು ವಾರಗಳ ಹೊತ್ತಿಗೆ ಮೂತ್ರದ ಹಿಡಿತ, ಲೈಂಗಿಕ ಶಕ್ತಿ ಎರಡರಲ್ಲೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಯಂತ್ರಕ್ಕಿಂತ ಸರ್ಜನ್ ಅವರ ಅನುಭವ ದೊಡ್ಡದು. ರೋಬೋಟ್‌ಗಾಗಿ ಸಾಲ ಮಾಡಿ ಬೆಂಗಳೂರಿಗೆ ಓಡುವ ಮೊದಲು, "ಡಾಕ್ಟ್ರೇ, ಈ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ? ನನಗೆ ಆಪರೇಷನ್ ಬೇಕೇ ಬೇಕೆ?" ಎಂದು ಸಂಕೋಚಪಡದೆ ಕೇಳಿ.