ವಿದ್ಯಾರ್ಥಿ ಯಾರ ಮನೆಯ ಹುಡುಗ?

ತಿರುವಲ್ಲಿಕ್ಕೇಣಿಯಲ್ಲಿ ಓಡಾಡುವವರಿಗೆ ಅಲ್ಲಿಯ 'ಮ್ಯಾನ್ಶನ್'ಗಳ ಪರಿಚಯ ಇದ್ದೇ ಇರುತ್ತದೆ. ಹೆಸರು ಕೇಳಿ ಅರಮನೆಯೆಂದು ತಿಳಿಯಬೇಡಿ. ಒಂದು ಮಂಚ, ಒಂದು ಕಿಟಕಿ, ಹಗ್ಗದ ಮೇಲೆ ಒಣಗುವ ಅಂಗಿ, ಅಷ್ಟೇ. ಮನೆ ಬಾಡಿಗೆಗೆ ಕೊಡುವವರು 'ಕುಟುಂಬದವರಿಗೆ ಮಾತ್ರ' ಎಂದುಬಿಟ್ಟಾಗ ಮದುವೆಯಾಗದ ಗುಮಾಸ್ತನಿಗೂ ಓದುವ ಹುಡುಗನಿಗೂ ಉಳಿಯುವುದು ಇದೊಂದೇ ಆಸರೆ. 1857ರಲ್ಲಿ ಸ್ಥಾಪನೆಯಾದ ಮದರಾಸು ವಿಶ್ವವಿದ್ಯಾನಿಲಯ ಅಲ್ಲಿಂದ ನಾಲ್ಕು ಹೆಜ್ಜೆ. ವಿದ್ಯೆಗೆ ಕೈಮುಗಿಯುವ ಊರು ವಿದ್ಯಾರ್ಥಿಗೆ ಬಾಗಿಲು ಮುಚ್ಚುವುದೇಕೆ?

ನಮ್ಮ ಹಿರಿಯರ ಕಾಲದ ರೀತಿ ಬೇರೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆಗುವ ತನಕ ಮೈಸೂರು ಸೀಮೆಯ ಕಾಲೇಜುಗಳೂ ಮದರಾಸಿಗೇ ಸೇರಿದ್ದುವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ ವಿಶ್ವೇಶ್ವರಯ್ಯನವರು ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿದವರು. ಅಂಥ ಅನುಕೂಲ ಸಿಗದ ಬಡ ಹುಡುಗರಿಗೆ ವಾರಾನ್ನ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹುಡುಗನ ಹೆಸರು, ಪರೀಕ್ಷೆಯ ದಿನ, ಯಾವ ಪಲ್ಯ ಅವನಿಗೆ ಸೇರದು ಎಂಬುದೆಲ್ಲ ಏಳು ಮನೆಯ ತಾಯಂದಿರಿಗೂ ಗೊತ್ತು. ಹಾಗೆಂದು ಅದನ್ನು ಸುವರ್ಣಯುಗವೆಂದು ಹೊಗಳಲು ನಮಗೆ ಮನಸ್ಸಿಲ್ಲ. ಎಲೆ ಹಾಕುವ ಮೊದಲು ಜಾತಿ ನೋಡುತ್ತಿದ್ದರು. ಹೊರಗೇ ಉಳಿದ ಹುಡುಗರ ಲೆಕ್ಕ ಯಾರೂ ಬರೆದಿಡಲಿಲ್ಲ. ತುಮಕೂರಿನ ಸಿದ್ಧಗಂಗಾ ಮಠ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಿದ್ಯೆ ಕೊಡುತ್ತ ಬಂದಿರುವುದು ಅದಕ್ಕಾಗಿಯೇ ದೊಡ್ಡದು.

ಹೊರದೇಶಗಳಲ್ಲಿಯೂ ಈ ಸಂಬಂಧ ಸರಳವಾಗಿರಲಿಲ್ಲ. ಆಕ್ಸ್‌ಫರ್ಡಿನಲ್ಲಿ 1355ರ ಫೆಬ್ರವರಿಯಲ್ಲಿ, ಅಂಗಡಿಯವನು ಕೊಟ್ಟ ದ್ರಾಕ್ಷಾರಸ ಚೆನ್ನಾಗಿಲ್ಲವೆಂದು ಹತ್ತಿದ ಜಗಳ ಊರವರಿಗೂ ವಿದ್ಯಾರ್ಥಿಗಳಿಗೂ ಕಾಳಗವಾಗಿ ಹತ್ತಾರು ಹೆಣ ಬಿದ್ದುವು. ಊರವರು ವರ್ಷಕ್ಕೊಮ್ಮೆ 63 ಪೆನ್ನಿ ತಪ್ಪುಕಾಣಿಕೆ ಕಟ್ಟುವುದು 1825ರ ತನಕ ನಡೆಯಿತು! ಇಂದು ಜರ್ಮನಿಯ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲ. ಓದಿಸುವ ಭಾರ ಸಮಾಜದ್ದು. ಅಮೆರಿಕದಲ್ಲಿ ಅವನು ಗಿರಾಕಿ, ಸಾಲಗಾರ; ಅಲ್ಲಿಯ ಶಿಕ್ಷಣ ಸಾಲ ಒಟ್ಟು 1.5 ಲಕ್ಷ ಕೋಟಿ ಡಾಲರಿಗೂ ಮಿಕ್ಕಿದೆ. ದಕ್ಷಿಣ ಕೊರಿಯಾದಲ್ಲಿ 1960ರ ಏಪ್ರಿಲಿನ ವಿದ್ಯಾರ್ಥಿ ಚಳವಳಿ ಅಧ್ಯಕ್ಷ ಸಿಂಗ್‌ಮನ್ ರೀಯನ್ನು ಕೆಳಗಿಳಿಸಿತು. ಸಂವಿಧಾನದ ಪೀಠಿಕೆಯಲ್ಲಿಯೇ ಅದರ ಸ್ಮರಣೆಯಿದೆ.

ನಮ್ಮ ಚೆನ್ನೈಯದು ಗಳಿಗೆಗೊಂದು ಮನಸ್ಸು. 2017ರ ಜನವರಿಯಲ್ಲಿ ಜಲ್ಲಿಕಟ್ಟಿಗಾಗಿ ವಿದ್ಯಾರ್ಥಿಗಳು ಮರೀನಾದಲ್ಲಿ ಕುಳಿತಾಗ ಜನ ನೀರು, ಊಟದ ಪೊಟ್ಟಣ ತಂದುಕೊಟ್ಟು 'ನಮ್ಮ ಮಕ್ಕಳು' ಎಂದರು. 2019ರ ಜೂನಿನಲ್ಲಿ 'ಬಸ್ ಡೇ' ಸಂಭ್ರಮದ ಹುಡುಗರು ಬಸ್ಸಿನ ಮೇಲಿಂದ ಉದುರಿದ ಚಿತ್ರ ಬಂದೊಡನೆ ವಿದ್ಯಾರ್ಥಿಗಳೆಲ್ಲ ಪುಂಡರಾದರು. ಗುಂಪನ್ನು ದೂರದಿಂದ ನೋಡಿದರೆ ದೇವರೋ ದೆವ್ವವೋ ಕಾಣುತ್ತದೆಯೇ ಹೊರತು ಹುಡುಗ ಕಾಣುವುದಿಲ್ಲ.

ಬೇರೆಯವರ ಮಾತೇಕೆ? ನಮ್ಮವರ ಮನೆಗಳ ಮಹಡಿಯ ಮೇಲೂ 'ಕುಟುಂಬದವರಿಗೆ ಮಾತ್ರ' ಎಂಬ ಹಲಗೆ ತೂಗುತ್ತದೆ. ಬಾಡಿಗೆ ಬಾಕಿ, ರಾತ್ರಿಯ ಗದ್ದಲ, ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ಎಂದು ಕಾರಣ ಹೇಳುತ್ತೇವೆ. ಸುಳ್ಳೆನ್ನಲಾರೆವು. ಆದರೆ ನಮ್ಮ ಮಕ್ಕಳೇ ಪುಣೆಗೋ ದೆಹಲಿಗೋ ಓದಲು ಹೋಗಿ ಇದೇ ಹಲಗೆಯ ಮುಂದೆ ಪೆಟ್ಟಿಗೆ ಹಿಡಿದು ನಿಲ್ಲುತ್ತಿದ್ದಾರೆ.

ನಮಗೆ ಪರಿಚಯದ ಒಂದು ಮನೆಯಲ್ಲಿ ಈಗ ಭಾನುವಾರಗಳಂದು ಹಾಸ್ಟೆಲಿನ ಇಬ್ಬರು ಹುಡುಗರಿಗೆ ಊಟ. ರಾಯಚೂರು ಕಡೆಯವರು. ಮನೆಯ ಅಜ್ಜಿ ಜಾತಿ ಕೇಳಲಿಲ್ಲ, 'ನಿಮ್ಮ ಕಡೆ ರೊಟ್ಟಿ ಅಲ್ಲವೇನಪ್ಪಾ?' ಎಂದು ಕೇಳಿದರು. ಮರುವಾರ ಜೋಳದ ಹಿಟ್ಟು ಎಲ್ಲಿ ಸಿಕ್ಕುತ್ತದೆಂದು ಮೊಮ್ಮಗ ಅಂಗಡಿ ಅಂಗಡಿ ಅಲೆಯುತ್ತಿದ್ದ.