ತಿಳಿವಳಿಕೆಯಿಂದ ದುಡಿಯುವವರೂ ಜಮೀನಿನ ಯಜಮಾನರೂ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿಯೂ ಅದರಂತಹ ಇತರ ಪೇಟೆಯ ಬಡಾವಣೆಗಳಲ್ಲಿಯೂ ಮನೆ ಮಾಡಿಕೊಂಡು, ಚನ್ನಗಿರಿ, ಹರಿಹರ ಮುಂತಾದ ತಾಲ್ಲೂಕುಗಳಲ್ಲಿ ತೋಟಗದ್ದೆಗಳನ್ನುಳ್ಳ ಭೂಮಾಲೀಕರುಂಟು. ಇವರು ಬಿಡುವಾದಾಗ ಜಮೀನಿಗೆ ಹೋಗಿಬರುವರು. ಉಳಿದ ದಿನಗಳಲ್ಲಿ ಫಸಲಿನ ಯೋಗಕ್ಷೇಮವು ಅಲ್ಲಿರತಕ್ಕ ಕೆಲಸಗಾರರ ಕೈಯಲ್ಲಿರುವುದು. ಕಳೆ ಕೀಳುವುದು, ಗೊಬ್ಬರ ಹೊರುವುದು ಮೊದಲಾದವು ಕಣ್ಣಿಗೆ ಕಾಣತಕ್ಕ ಕೆಲಸಗಳು. ಸಂಜೆ ನೋಡಿದರೆ ಆಗಿದೆಯೋ ಇಲ್ಲವೋ ತಿಳಿಯುವುದು. ಆದರೆ ರೋಗವನ್ನು ಮೊದಲೇ ಗುರುತಿಸುವುದು, ಔಷಧಿಯ ಹದವನ್ನರಿಯುವುದು ಇವು ತಲೆಯೊಳಗೆ ನಡೆಯುವ ಕೆಲಸಗಳಾದುದರಿಂದ ಪಕ್ಕದಲ್ಲಿ ನಿಂತು ಮೇಲ್ವಿಚಾರಣೆ ಮಾಡಿದರೂ ಕಾಣವು. ಇಂತಹವರನ್ನು ಜ್ಞಾನದಿಂದ ದುಡಿಯುವವರೆಂದು ಪೀಟರ್ ಡ್ರಕ್ಕರ್ ಎಂಬ ಗ್ರಂಥಕರ್ತರು 1959ರಲ್ಲಿ ಹೆಸರಿಸಿದರು. ಅವರು ಕಾರ್ಖಾನೆ, ಕಚೇರಿಗಳನ್ನು ಕುರಿತು ಬರೆದರಾದರೂ ಮಾತು ಅಡಕೆಯ ತೋಟಕ್ಕೂ ಒಪ್ಪುತ್ತದೆ.

ಅಡಕೆಯ ಕೊಳೆರೋಗವನ್ನು ತೆಗೆದುಕೊಳ್ಳೋಣ. ಮುಂಗಾರಿನಲ್ಲಿ ಎಳೆಯ ಕಾಯಿಗಳ ಮೇಲೆ ನೀರು ಹಿಡಿದಂತಹ ಕಲೆಗಳು ಬಿದ್ದು, ಕಾಯಿಗಳು ಉದುರತೊಡಗುವುವು. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಈಗ ಸಾಮಾನ್ಯವಾಗಿ ಬೋರ್ಡೋ ದ್ರಾವಣವನ್ನು ಸಿಂಪಡಿಸುವರು. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿಯೂ, ಒಂದು ಕಿಲೋ ಸುಣ್ಣವನ್ನು ಮತ್ತೊಂದು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಿ ಕೂಡಿಸತಕ್ಕದ್ದು. ಕಬ್ಬಿಣದ ಪಾತ್ರೆ ಸಲ್ಲದು. ಆಮೇಲೆ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಸುಣ್ಣವು ಹಳತಾಗಿದ್ದರೆ ತೂಕ ಸರಿಯಿದ್ದರೂ ಹದ ತಪ್ಪುವುದು. ಈ ಪರೀಕ್ಷೆಗೆ ಕ್ಷಣಮಾತ್ರ ಸಾಕು. ಅದನ್ನು ಮಾಡದೆ ಬಿಟ್ಟರೂ ಯಜಮಾನರಿಗೆ ಗೊತ್ತಾಗದು. ಗೊತ್ತಾಗುವುದು ತಿಂಗಳು ಕಳೆದು ಕಾಯಿ ನೆಲಕ್ಕೆ ಬಿದ್ದಾಗ.

ಮಲೆನಾಡಿನವರು ಕೊನೆಗೌಡನೆಂದು ಕರೆಯುವ ಮರವೇರುವ ಕೆಲಸಗಾರನಿಗೆ ಮರವೊಂದಕ್ಕೆ ಇಷ್ಟೆಂದು ಕೂಲಿ ಗೊತ್ತುಮಾಡಿ, ಸಂಜೆಗೆ "ಎಷ್ಟು ಮರವಾಯಿತು?" ಎಂದಷ್ಟೇ ಕೇಳಿದರೆ ಅವನು ಮರಗಳ ಲೆಕ್ಕವನ್ನೇ ಕೊಡುವನು, ಗೊನೆಯ ಹಿಂಬದಿ ನೆನೆಯಿತೇ ಎಂಬುದು ಆ ಲೆಕ್ಕದಲ್ಲಿ ಬಾರದು. "ಯಾವ ಮರಗಳು ಉಳಿದುವು, ಏತಕ್ಕೆ?" ಎಂದು ಕೇಳುವುದು ಇದಕ್ಕಿಂತ ಮೇಲು. ಮಳೆ ಬಂದುದರಿಂದ ಮೂಲೆಯ ಸಾಲುಗಳನ್ನು ಬಿಟ್ಟೆನೆಂದು ನಿಜ ಹೇಳಿದವನನ್ನು ಗದರಿಸಿದರೆ, ಮುಂದಿನ ಸಲ ಅವನು ಹೇಳುವುದಿಲ್ಲ. ರೋಗವು ಬೇರೂರುವುದು ಹೀಗೆ ಮುಚ್ಚಿಟ್ಟ ಮೂಲೆಗಳಲ್ಲಿಯೇ. ಈಚೆಗೆ ನೆಲದ ಮೇಲೆ ನಿಂತೇ ಸಿಂಪಡಿಸಲು ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಜಾರುವ ಮರದಿಂದ ಬೀಳುವ ಭಯವು ಇದರಿಂದ ತಪ್ಪಿತು, ಸಂತೋಷವೇ. ಆದರೆ ಗೊನೆಯನ್ನು ನೋಡುವ ಕಣ್ಣು ಮನುಷ್ಯನದೇ.

ಈ ವಿಷಯದಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಹಳೆಯ ಚರಿತ್ರೆಯು ಗಮನಾರ್ಹವಾಗಿದೆ. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ವಿದ್ವಾಂಸರು 1908ರಲ್ಲಿ ಸಂಸ್ಥಾನದ ಸೇವೆಗೆ ಬಂದು, 1913ರಲ್ಲಿ ಇಲಾಖೆಯ ನಿರ್ದೇಶಕರಾದರು. ಕೊಳೆರೋಗದ ಕಾರಣವನ್ನು ಶೋಧಿಸಿ ಬೋರ್ಡೋ ದ್ರಾವಣವನ್ನು ತೋಟಗಳಲ್ಲಿ ರೂಢಿಗೆ ತಂದವರು ಇವರೇ. (ಜೋಳವನ್ನು ತಿನ್ನುವ ರೆಕ್ಕೆಯಿಲ್ಲದ ಮಿಡತೆಗೆ ಶಾಸ್ತ್ರಜ್ಞರು ಇವರ ಹೆಸರನ್ನೇ ಇಟ್ಟಿದ್ದಾರೆ; ಗೌರವವು ಸ್ವಲ್ಪ ವಿಚಿತ್ರವಾದುದೇ ಸರಿ.) ಅವರ ಕೈಕೆಳಗೆ ಕುಂಞಿಕಣ್ಣನ್ ಎಂಬವರು ಕೀಟಶಾಸ್ತ್ರದ ಸಹಾಯಕರಾಗಿದ್ದರು. ಭತ್ತದ ಮಿಡತೆಯನ್ನು ಕುರಿತು 1911ರಲ್ಲಿ ಇಲಾಖೆಯು ಹೊರಡಿಸಿದ ಪ್ರಕಟಣೆಯಲ್ಲಿ ಕೋಲ್ಮನ್ನರ ಹೆಸರಿನೊಡನೆ ಈ ಸಹಾಯಕರ ಹೆಸರೂ ಇರುವುದು. ದೊರೆಗಳ ಕಾಲದಲ್ಲಿ ಮೇಲಧಿಕಾರಿಯು ತನ್ನೊಬ್ಬನ ಹೆಸರನ್ನೇ ಹಾಕಿಕೊಂಡಿದ್ದರೆ ಕೇಳುವವರು ಯಾರಿದ್ದರು?

"ಕಲಿಸಿದರೆ ಕಲಿತವನು ಬಿಟ್ಟು ಹೋದಾನು" ಎಂದು ಯಜಮಾನರು ಹೇಳುವುದುಂಟು. ಈ ಭಯವು ನಿರಾಧಾರವೆನ್ನಲಾಗದು, ಕೆಲವರು ಹೋಗುವರು. ಆದರೆ ಕುಂಞಿಕಣ್ಣನ್ನರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗಮಾಡಿದ ಮೇಲೂ ಮೈಸೂರಿಗೇ ಹಿಂದಿರುಗಿ ಸಂಸ್ಥಾನದ ಕೀಟಶಾಸ್ತ್ರಜ್ಞರಾದರು. ಮಾಡಲು ಯೋಗ್ಯವಾದ ಕೆಲಸವೂ ತಕ್ಕ ಸ್ಥಾನವೂ ಅವರಿಗೆ ಇಲ್ಲಿದ್ದುವು. ಕಲಿಸದೆ ಇಟ್ಟುಕೊಂಡವನು ಬಿಟ್ಟು ಹೋಗದೆ ಉಳಿದರೆ ಆಗುವ ನಷ್ಟವನ್ನೂ ಯಜಮಾನರು ಲೆಕ್ಕಹಾಕತಕ್ಕದ್ದು.

ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವೂ, ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಇವೆ. ಇಂತಹ ಕಡೆಗಳಿಗೆ ಯಜಮಾನರು ತಾವೊಬ್ಬರೇ ಹೋಗಿ ಕೇಳಿ ಬಂದು, ಮನೆಯ ಜಗಲಿಯಿಂದ ಆಜ್ಞೆಮಾಡುವುದರಿಂದ ಅರ್ಧ ಪ್ರಯೋಜನವೇ. ಔಷಧಿ ಕಲಸುವವನನ್ನು ಜೊತೆಗೆ ಕರೆದೊಯ್ದು, ಆ ದಿನದ ಕೂಲಿಯನ್ನು ಹಿಡಿಯದೆ ಕೊಟ್ಟು, ಅವನ ಪ್ರಶ್ನೆಗಳನ್ನು ಅವನೇ ಕೇಳುವಂತೆ ಮಾಡತಕ್ಕದ್ದು.

ಮೊದಲನೆಯ ಸಿಂಪಡಣೆಯು ಮುಂಗಾರು ಹಿಡಿಯುವುದಕ್ಕೆ ಮುಂಚೆ ಆಗಬೇಕು. ಎರಡನೆಯದು 40ರಿಂದ 45 ದಿನಗಳ ತರುವಾಯ. ಆ ಎರಡನೆಯದಕ್ಕೆ ಮಳೆ ಬಿಡುವು ಕೊಡುವ ದಿನವನ್ನು ಪೇಟೆಯಲ್ಲಿ ಕುಳಿತು ಗೊತ್ತುಮಾಡಲಾಗದು. ಮೈಲುತುತ್ತವನ್ನೂ ಹೊಸ ಸುಣ್ಣವನ್ನೂ ಮೊದಲೇ ತೋಟದ ಮನೆಯಲ್ಲಿ ಇರಿಸಿ, ದಿನವನ್ನು ಅವನೇ ನೋಡಿಕೊಳ್ಳುವಂತೆ ಒಪ್ಪಿಸಿಬಿಡಬೇಕು.